ಜಂಗ್ ಜಂಗ್ ಬಾರಿಸುವವನಿಗೆ ಬದುಕು ಉಂಟಾ?

ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರದ ಹಳ್ಳಿಯವನು, ವಯಸ್ಸು 25. ಒಂದು ಸೊಸೈಟಿಯಲ್ಲಿ ಕ್ಲರ್ಕ್, ತಿಂಗಳಿಗೆ 18 ಸಾವಿರ ಬರುತ್ತದೆ. ಐದು ಜನ ಗೆಳೆಯರು ಸೇರಿ ನಾಲ್ಕು ವರ್ಷದಿಂದ ರಾಕ್ ಬ್ಯಾಂಡ್ ನಡೆಸುತ್ತಿದ್ದೇವೆ. ನಾನು ರಿದಂ ಗಿಟಾರಿಸ್ಟ್, ಅಂದರೆ ಹಾಡಿನ ಹಿಂದೆ ಲಯಕ್ಕೆ ತಕ್ಕಂತೆ ಬಾರಿಸುವವನು; ಮುಂದೆ ನಿಂತು ಒಂದೊಂದೇ ಸ್ವರದಲ್ಲಿ ಸೋಲೋ ನುಡಿಸುವವನು ಲೀಡ್ ಗಿಟಾರಿಸ್ಟ್. ಗೆಳೆಯರು ತಮಾಷೆಗೆ ನನ್ನನ್ನು ‘ಜಂಗ್ ಜಂಗ್ ಬಾರಿಸುವವ’ ಅನ್ನುತ್ತಾರೆ. ಅಪ್ಪ ಅಂತೂ ‘ಬಾರಿಸೂದೇ ಆದ್ರೆ ಲೀಡ್ ಆದ್ರೂ ಬಾರಿಸು’ ಅಂದುಬಿಟ್ಟರು. ಈಗ ಕಾರವಾರದ ಒಂದು ತಂಡದವರು ನವೆಂಬರ್‌ನಿಂದ ಮಾರ್ಚ್ ತನಕ ಗೋವಾದ ಹೋಟೆಲುಗಳಲ್ಲಿ ನುಡಿಸಲು ಕರೆದಿದ್ದಾರೆ. ವಾರಕ್ಕೆ ನಾಲ್ಕು ರಾತ್ರಿ, ರಾತ್ರಿಗೆ 2 ಸಾವಿರ. ಹೋಗಬೇಕಾದರೆ ಕೆಲಸ ಬಿಡಬೇಕು. ಇನ್ನೊಂದು ಬೇಜಾರು. ಹೋದ ವರ್ಷ ನಮ್ಮ ಸ್ವಂತ ಹಾಡೊಂದನ್ನು ಯೂಟ್ಯೂಬ್‌ಗೆ ಹಾಕಿದೆವು. ಅದರ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕಟ್ಟಿದ್ದು ನಾನು. ಆದರೆ ‘ಸಂಗೀತ’ ಅಂತ ಹಾಡುಗಾರ ಮತ್ತು ಲೀಡ್ ಗಿಟಾರಿಸ್ಟ್ ಹೆಸರು ಮಾತ್ರ ಇದೆ. ಮಳೆಗಾಲ ಶುರುವಾದಾಗಿನಿಂದ ಎಡಗೈ ಮಣಿಕಟ್ಟು ನೋವು ಬೇರೆ. ನಾನು ಲೀಡ್‌ಗೆ ಬದಲಾಗಬೇಕಾ? ರಿದಂ ಗಿಟಾರಿಸ್ಟ್‌ಗೆ ಬದುಕು ಉಂಟಾ? ಪ್ರಾಕ್ಟೀಸಿನ ರೆಕಾರ್ಡಿಂಗ್ ಕಳಿಸಿದ್ದೇನೆ.

ಉತ್ತರ: ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಮೊದಲು ಸುಮ್ನೆ, ಆಮೇಲೆ ಮೇಜು ತಟ್ಟುತ್ತಾ, ಕೊನೆಗೆ ಇಯರ್‌ಫೋನ್ ಹಾಕಿಕೊಂಡು. ಎರಡನೇ ಚರಣ ಬರುವಾಗ ನಿಮ್ಮ ಡ್ರಮ್ಮರ್‌ಗೆ ಹುಮ್ಮಸ್ಸು ಏರುತ್ತದೆ, ಓಡಲು ಶುರು ಮಾಡುತ್ತಾರೆ. ಬೇಸ್ ಗಿಟಾರ್ ಅವರ ಬೆನ್ನು ಹತ್ತುತ್ತದೆ. ಹಾಡುಗಾರನಿಗೆ ಉಸಿರು ಸಾಲುವುದಿಲ್ಲ. ಆಗ ನಿಮ್ಮ ಗಿಟಾರ್ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ನಾಲ್ಕು ಸುತ್ತು ಹಾಗೇ ನಿಂತಿರುತ್ತದೆ. ಐದನೇ ಸುತ್ತಿಗೆ ಡ್ರಮ್ಮರ್ ವಾಪಸ್ ಬರುತ್ತಾರೆ. ಇದು ನಿಮ್ಮ ಐದು ಜನರಲ್ಲಿ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ನಿಮ್ಮ ಗಮನಕ್ಕೂ ಬಂದಿಲ್ಲ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ, ಆಮೇಲೆ ಗೋವಾದಲ್ಲಿ ಒಟ್ಟು 26 ವರ್ಷ ಇದೇ ಕೆಲಸ ಮಾಡಿದವ ನಾನು. ಈಗ ಕಾರವಾರದ ಕೋಡಿಬಾಗದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಾಗಾಗಿ ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇದ್ದರೂ ಅದರ ಅಡಿಯಲ್ಲಿ ಇರುವುದು ಒಂದೇ ಅಂತ ನನಗೆ ಕಾಣುತ್ತದೆ: ನಾನಿಲ್ಲದಿದ್ದರೂ ಬ್ಯಾಂಡ್ ನಡೆಯುತ್ತದಾ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಲೀಡ್ ಬಾರಿಸುವ ಗೆಳೆಯನ ಸುತ್ತ ಜನ ಸೇರಿ ಫೋಟೋ ತೆಗೆಸಿಕೊಳ್ಳುವಾಗ ಒಂದು ಬದಿಗೆ ಕೂತು ಕೇಬಲ್ ಸುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ರಸಮಂಜರಿ, ಆರ್ಕೆಸ್ಟ್ರಾದವರ ಬಾಯಲ್ಲಿ ‘ರಿದಂ’ ಅಂದರೆ ತಬಲಾ, ಢೋಲಕ್, ಪ್ಯಾಡ್. ಅಂಕೋಲೆಯ ಒಂದು ಗಣೇಶೋತ್ಸವಕ್ಕೆ ಹೋಗಿ ‘ನಾನು ರಿದಂ’ ಅಂದಿದ್ದಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಪ್ಯಾಡಿನ ಮುಂದೆ ಕೂರಿಸಿದ್ದರು. ರಾಕ್ ಬ್ಯಾಂಡಿನಲ್ಲಿ ರಿದಂ ಗಿಟಾರ್ ಅಂದರೆ ಹಾಡಿನ ಕಾರ್ಡುಗಳನ್ನೂ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಲಯವನ್ನೂ ಒಟ್ಟಿಗೆ ಹೊರುವವನು. ಡ್ರಮ್ಮಿಗೆ ಸ್ವರ ಇಲ್ಲ, ಹಾಡುಗಾರನಿಗೆ ಏಟು ಇಲ್ಲ. ನಡುವೆ ಎರಡೂ ಇರುವವನು ಒಬ್ಬ ಬೇಕು, ಅದು ನೀವು.

‘ಲೀಡ್ ಬಾರದವರು ರಿದಂ ಬಾರಿಸುತ್ತಾರೆ’ ಅನ್ನುವ ಮಾತು ನಿಮ್ಮ ಅಪ್ಪನದ್ದು ಮಾತ್ರ ಅಲ್ಲ, ಊರೆಲ್ಲ ಹಾಗೇ ಅನ್ನುತ್ತದೆ. ಬಡಗುತಿಟ್ಟಿನ ಯಕ್ಷಗಾನ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಚಂಡೆ ಯಾವಾಗ ಬೀಳುತ್ತದೆ? ಆವೇಶದ ವೇಷ ಬರುವಾಗ, ಯುದ್ಧ ಆಗುವಾಗ. ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಮದ್ದಳೆ ಹಾಗಲ್ಲ. ಶೃಂಗಾರಕ್ಕೂ ಅದೇ, ಕರುಣಕ್ಕೂ ಅದೇ, ಚಂಡೆಯ ಜೊತೆಗೂ ಅದೇ. ಬೆಳಿಗ್ಗೆ ಚಾ ಅಂಗಡಿಯಲ್ಲಿ ‘ಚಂಡೆ ಏನ್ ಬಿತ್ತು ಮಾರಾಯ’ ಅನ್ನುವವರು ಜಾಸ್ತಿ. ಆದರೆ ನಡುರಾತ್ರಿ ಮದ್ದಳೆಗಾರರು ಕೈ ಎತ್ತಿದರೆ ಭಾಗವತರ ಪದ ಎಲ್ಲಿ ಹೋಗಿ ಕೂರಬೇಕು? ಅಪ್ಪನಿಗೆ ಗಿಟಾರ್ ಭಾಷೆಯಲ್ಲಿ ಹೇಳಬೇಡಿ, ಹೀಗೆ ಹೇಳಿ ನೋಡಿ.

ರಾಕ್ ಲೋಕದ ಲೆಕ್ಕ ಬೇಕಾದರೆ ಅದೂ ಇದೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಹಾಡುಗಾರ ಅಂತ ಎಲ್ಲರಿಗೂ ಗೊತ್ತು. ಅವರು ಆ ಬ್ಯಾಂಡಿನ ರಿದಂ ಗಿಟಾರಿಸ್ಟ್ ಕೂಡ. 1986ರ ಅವರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು ನಿಮಿಷಕ್ಕೆ 210 ಬೀಟಿನ ಆಸುಪಾಸಿನಲ್ಲಿ ಓಡುತ್ತದೆ. ಬೀಟಿಗೆ ಎರಡು ಏಟು ಅಂದರೆ ಸೆಕೆಂಡಿಗೆ ಏಳು. ಅದರ ಮುಖ್ಯ ರಿಫ್ ಅನ್ನು ಅವರು ಕೆಳಮುಖದ ಏಟಿನಲ್ಲೇ ಬಾರಿಸುತ್ತಾರೆ, ಕೈ ಮೇಲೆ ಬರುವಾಗ ತಂತಿ ಮುಟ್ಟುವುದಿಲ್ಲ. ನಿಮ್ಮ ಲೀಡ್ ಗೆಳೆಯನಿಗೆ ಎರಡು ನಿಮಿಷ ಅದನ್ನು ಬಾರಿಸಲು ಹೇಳಿ. ಮುಂಗೈ ಉರಿ ಬರುತ್ತದೆ. ಅದೇ ವರ್ಷ ಹೆಟ್‌ಫೀಲ್ಡ್ ಸ್ಕೇಟ್‌ಬೋರ್ಡಿನಿಂದ ಬಿದ್ದು ಕೈ ಮುರಿದುಕೊಂಡರು. ಲೀಡ್ ಗಿಟಾರಿಸ್ಟ್ ಇದ್ದರಲ್ಲ, ಅವರೊಬ್ಬರೇ ಸಾಕು ಅಂತ ಬ್ಯಾಂಡ್ ಅಂದುಕೊಳ್ಳಲಿಲ್ಲ. ಗಿಟಾರ್‌ಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಮಾರ್ಷಲ್ ಅವರನ್ನೇ ಕರೆದು ರಿದಂ ಬಾರಿಸಲು ನಿಲ್ಲಿಸಿದರು. 1992ರಲ್ಲಿ ಸ್ಟೇಜಿನ ಬೆಂಕಿಯಿಂದ ಹೆಟ್‌ಫೀಲ್ಡ್ ಕೈ ಸುಟ್ಟಾಗಲೂ ಮತ್ತೆ ಅದೇ ಮಾರ್ಷಲ್ ಬಂದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ರಾಕ್ ಅಲ್ಲದಿದ್ದರೂ ಫ್ರೆಡ್ಡಿ ಗ್ರೀನ್ ಅವರನ್ನು ಬಿಡಲು ಮನಸ್ಸಾಗುವುದಿಲ್ಲ. ಕೌಂಟ್ ಬೇಸಿಯ ಜಾಝ್ ತಂಡಕ್ಕೆ 1937ರಲ್ಲಿ ಸೇರಿದವರು 1987ರಲ್ಲಿ ತೀರಿಕೊಳ್ಳುವ ತನಕ, ಹತ್ತಿರ ಹತ್ತಿರ 50 ವರ್ಷ, ಅದೇ ತಂಡದಲ್ಲಿ ಬರೀ ರಿದಂ ಬಾರಿಸಿದರು. ಸೋಲೋ ಅಂದರೆ ಅಪರೂಪ. ಸುತ್ತಲೂ ಕೂತ ದೊಡ್ಡ ದೊಡ್ಡ ಸೋಲೋದವರು ಬಂದರು, ಹೋದರು.

ಇಷ್ಟು ಹೇಳಿ ನಿಮ್ಮ ಬೆನ್ನು ತಟ್ಟಿ ಕಳಿಸಿಬಿಡಬಹುದಿತ್ತು. ಆದರೆ ಗೆಳೆಯರ ತಮಾಷೆಯಲ್ಲಿ ಒಂಚೂರು ನಿಜವೂ ಉಂಟು, ಅದನ್ನೂ ಹೇಳಬೇಕು.

ರೆಕಾರ್ಡಿಂಗಿನಲ್ಲಿ ನೀವು ಹಾಡಿನ ಶುರುವಿನಿಂದ ಕೊನೆ ತನಕ ಆರೂ ತಂತಿ ಬಾರಿಸುತ್ತೀರಿ. ಪಲ್ಲವಿಗೂ ಆರು, ಚರಣಕ್ಕೂ ಆರು, ಲೀಡ್ ಬರುವಾಗಲೂ ಆರು. ಗಿಟಾರಿನ ದಪ್ಪ ತಂತಿ ಬಿಟ್ಟ ಸ್ವರದಲ್ಲಿ 82 ಹರ್ಟ್ಸ್ ಹತ್ತಿರ ಕಂಪಿಸುತ್ತದೆ, ಬೇಸಿನದ್ದು ಅದರ ಅರ್ಧ, 41. ನಿಮ್ಮ ಬೇಸ್ ಗೆಳೆಯ ಸ್ವಲ್ಪ ಮೇಲಿನ ಸ್ವರಕ್ಕೆ ಹೋದರೆ ಸಾಕು, ಇಬ್ಬರೂ ಒಂದೇ ಓಣಿಯಲ್ಲಿ ಎದುರುಬದುರು ಆಗುತ್ತೀರಿ. ಅದಕ್ಕೇ ಎರಡನೇ ಚರಣದಲ್ಲಿ ಹಾಡುಗಾರನ ಮಾತು ಕೆಸರಲ್ಲಿ ಹೂತ ಹಾಗೆ ಕೇಳುತ್ತದೆ. ಚರಣಕ್ಕೆ ನಡುವಿನ ಮೂರು ತಂತಿ ಸಾಕು. ಪಲ್ಲವಿಗೆ ಬಂದಾಗ ಆರೂ ಬಿಡಿ. ಏನೂ ಹೊಸದು ಸೇರಿಸದೆ ಪಲ್ಲವಿ ಎರಡು ಪಟ್ಟು ದೊಡ್ಡದಾಗಿ ಕೇಳುತ್ತದೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಎಷ್ಟೋ ಹಾಡಿಗೆ ಆರನೇ ತಂತಿಯನ್ನೇ ಕಿತ್ತುಹಾಕಿ ಐದರಲ್ಲೇ ಬಾರಿಸುತ್ತಾರೆ. 2003ರ ಏಪ್ರಿಲ್‌ನಲ್ಲಿ ಬೆಂಗಳೂರು ಅರಮನೆ ಮೈದಾನಕ್ಕೆ ಅವರು ಬಂದಾಗ ನಾನು ಮಳೆಯಲ್ಲಿ ನೆನೆಯುತ್ತಾ ಅವರ ಬಲಗೈಯೊಂದನ್ನೇ ನೋಡುತ್ತಾ ನಿಂತಿದ್ದೆ. ಬಾರಿಸುವುದಕ್ಕಿಂತ ಬಾರಿಸದೆ ಬಿಟ್ಟ ಜಾಗ ಜಾಸ್ತಿ ಇತ್ತು. ಬರೀ ಜಂಗ್ ಜಂಗ್ ಬೇರೆ, ರಿದಂ ಗಿಟಾರ್ ಬೇರೆ ಅಂತ ನನಗೆ ತಿಳಿದದ್ದು ಅವತ್ತು. ಅಷ್ಟೊತ್ತಿಗೆ ನಾನು ಎಷ್ಟೋ ವರ್ಷ ಬಾರಿಸಿಯಾಗಿತ್ತು, ನಗಬೇಡಿ.

ಇನ್ನು ಲೀಡ್ ಕಲಿಯುವ ವಿಚಾರ. ಕಲಿಯಿರಿ, ಬೇಡ ಅನ್ನುವುದಿಲ್ಲ. ಫ್ರೆಟ್‌ಬೋರ್ಡ್ (ಬೆರಳೊತ್ತುವ ಹಲಗೆ) ಪೂರ್ತಿ ಗೊತ್ತಿದ್ದರೆ ಕಾರ್ಡ್ ಹಿಡಿಯುವ ಜಾಗಗಳೂ ಹೊಸದಾಗಿ ಕಾಣುತ್ತವೆ. ಆದರೆ ರಿದಂ ಅನ್ನುವುದು ಕೆಳಗಿನ ಮೆಟ್ಟಿಲು, ಅಲ್ಲಿಂದ ಓಡಿ ಹೋಗಬೇಕು ಅನ್ನುವ ಕಾರಣಕ್ಕೆ ಕಲಿತರೆ ಎರಡೂ ಕೆಡುತ್ತದೆ. ನನ್ನ ಹತ್ತಿರ ಬರುವ ಹತ್ತು ಹುಡುಗರಲ್ಲಿ ಎಂಟು ಜನ ಲೀಡ್ ಬೇಕು ಅಂತಲೇ ಬರುತ್ತಾರೆ. ವೇಗವಾಗಿ ಬೆರಳು ಓಡಿಸುತ್ತಾರೆ, ಆದರೆ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸುವ ಯಂತ್ರ) 60ಕ್ಕೆ ಇಟ್ಟು ಒಂದು ಕಾರ್ಡ್ ನಾಲ್ಕು ನಿಮಿಷ ಬಾರಿಸು ಅಂದರೆ ಕಣ್ಣು ಕಿಟಕಿ ಕಡೆ ಹೋಗುತ್ತದೆ. ನೀವು ಅದನ್ನು ಮಾಡಬಲ್ಲಿರಿ ಅಂತ ರೆಕಾರ್ಡಿಂಗ್ ಹೇಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಮೆಟ್ರೊನೋಮಿನ ಟಿಕ್ ಅನ್ನು ಎರಡು ಮತ್ತು ನಾಲ್ಕನೇ ಬೀಟ್ ಅಂತ ಎಣಿಸಿ ಬಾರಿಸಿ. ಒಂದನ್ನೂ ಮೂರನ್ನೂ ನೀವೇ ಒಳಗೆ ಹೊತ್ತುಕೊಳ್ಳಬೇಕಾಗುತ್ತದೆ. ಮೊದಲ ವಾರ ತಲೆ ಕೆಡುತ್ತದೆ, ಆಮೇಲೆ ಸರಿಯಾಗುತ್ತದೆ.

ಲೀಡ್‌ಗಿಂತ ಮೊದಲು ನೀವು ಕಲಿಯಬೇಕಾದ್ದು ಬೇರೆ ಇದೆ. ಹಾಡುವುದು. ಯಾಕೆ ಗೊತ್ತಾ? ಹೋಟೆಲಿನವರು ಖರ್ಚು ಕಡಿಮೆ ಮಾಡಬೇಕು ಅಂದಾಗ ಐದು ಜನರ ಬ್ಯಾಂಡ್ ಮೂರಕ್ಕೆ ಇಳಿಯುತ್ತದೆ, ಮೂರು ಎರಡಕ್ಕೆ. ಮೊದಲು ಮನೆಗೆ ಹೋಗುವವನು ರಿದಂ ಗಿಟಾರಿಸ್ಟ್. ಅವನ ಜಾಗಕ್ಕೆ ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಬರುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ, ಎರಡು ಸಲ ಹೋದವನು ನಾನೇ. ಆದರೆ ಕೊನೆಗೆ ಉಳಿಯುವ ಆ ಇಬ್ಬರು ಯಾರು? ಒಬ್ಬರು ಹಾಡುವವರು, ಇನ್ನೊಬ್ಬರು ಕಾರ್ಡ್ ಬಾರಿಸುತ್ತಾ ಎರಡನೇ ದನಿ ಕೊಡುವವರು. ಬರೀ ಲೀಡ್ ಬಾರಿಸುವವನಿಗೆ ಅಲ್ಲಿ ಕೆಲಸ ಇಲ್ಲ. ಸೋಲೋ ಕೇಳುತ್ತಾ ಮೀನು ಫ್ರೈ ತಿನ್ನುವವರು ಕಡಿಮೆ. ನಿಮ್ಮ ದನಿ ಹೇಗಿದೆ ಅಂತ ಬರೆದಿಲ್ಲ. ಭಜನೆಯಲ್ಲಿ ಶ್ರುತಿಗೆ ಸೇರುವಷ್ಟಿದ್ದರೆ ಸಾಕು, ಉಳಿದದ್ದು ಅಭ್ಯಾಸ.

ಈಗ ಗೋವಾದ ಕರೆ. ಒಂದು ಹಾಳೆ ತೆಗೆದುಕೊಳ್ಳಿ. ನವೆಂಬರ್‌ನಿಂದ ಮಾರ್ಚ್ ಅಂದರೆ ಸುಮಾರು 21 ವಾರ. ವಾರಕ್ಕೆ ನಾಲ್ಕರಂತೆ 84 ರಾತ್ರಿ, 2 ಸಾವಿರದಂತೆ 1 ಲಕ್ಷ 68 ಸಾವಿರ. ನೋಡಲು ಚೆಂದ. ಇದರಲ್ಲಿ ಹತ್ತು ರಾತ್ರಿ ರದ್ದಾಗುತ್ತದೆ ಅಂತ ಬರೆದುಕೊಳ್ಳಿ. ಹೋಟೆಲಿನಲ್ಲಿ ಗಿರಾಕಿ ಇಲ್ಲ, ಪರ್ಮಿಷನ್ ಸಿಗಲಿಲ್ಲ, ಹಾಡುಗಾರನಿಗೆ ಗಂಟಲು ನೋವು, ಏನೋ ಒಂದು ಇದ್ದೇ ಇರುತ್ತದೆ. ಉಳಿದದ್ದು 1 ಲಕ್ಷ 48 ಸಾವಿರ. ರೂಮಿಗೂ ಊಟಕ್ಕೂ ತಿಂಗಳಿಗೆ 8 ಸಾವಿರ ಹಿಡಿದರೂ ಐದು ತಿಂಗಳಿಗೆ 40 ಸಾವಿರ ಹೋಯಿತು. ಕೈಗೆ 1 ಲಕ್ಷ 8 ಸಾವಿರ. ಈಗ ಇದನ್ನು ಐದರಿಂದ ಅಲ್ಲ, ಹನ್ನೆರಡರಿಂದ ಭಾಗಿಸಿ. ಏಪ್ರಿಲ್ ನಂತರವೂ ಊಟ ಮಾಡಬೇಕಲ್ಲ. ತಿಂಗಳಿಗೆ 9 ಸಾವಿರ. ಸೊಸೈಟಿಯಲ್ಲಿ 18.

ಕರಾವಳಿಯಲ್ಲಿ ಬ್ಯಾಂಡಿನ ವರ್ಷ ಅಂದರೆ ಮೇಳದ ವರ್ಷದ ಹಾಗೆ, ಮಳೆಗೆ ಗೆಜ್ಜೆ ಬಿಚ್ಚಲೇಬೇಕು. ಜೂನ್, ಜುಲೈಯಲ್ಲಿ ಬೀಚಿನ ಶ್ಯಾಕುಗಳಿಗೆ ತಾಡಪಾಲು ಹೊದೆಸಿರುತ್ತಾರೆ. ಚೌತಿಗೆ ಒಂದಷ್ಟು, ನವರಾತ್ರಿಗೆ ಒಂದಷ್ಟು, ಆಮೇಲೆ ಮದುವೆ, ಕ್ರಿಸ್‌ಮಸ್, ಹೊಸ ವರ್ಷ, ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಇದರ ಮೇಲೆ ಸಂಸಾರ ಕಟ್ಟಿದವರು ಇಲ್ಲವೇ ಇಲ್ಲ ಅಂತಲ್ಲ. ಆದರೆ ನನಗೆ ಗೊತ್ತಿರುವ ಎಲ್ಲರಿಗೂ ಮಳೆಗಾಲಕ್ಕೆ ಒಂದು ಎರಡನೇ ಕಸುಬು ಇದೆ. ಒಬ್ಬರು ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ಒಬ್ಬರು ಚರ್ಚಿನ ಕಾಯಿರ್‌ಗೆ ಕಲಿಸುತ್ತಾರೆ. ನಾನು ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಟ್ರಿನಿಟಿ, ರಾಕ್‌ಸ್ಕೂಲ್ ಸರ್ಟಿಫಿಕೇಟ್ ಅಂದರೆ ಈಗ ಸಣ್ಣ ಊರಿನ ಅಪ್ಪ ಅಮ್ಮಂದಿರಿಗೂ ಗೊತ್ತು. ಎಂಟು ಗ್ರೇಡ್ ಇರುತ್ತದೆ, ಮೇಲಿನ ಗ್ರೇಡ್ ಪಾಸಾದವರು ಕಲಿಸುತ್ತಾರೆ ಅಂದರೆ ಜನ ನಂಬಿ ಮಕ್ಕಳನ್ನು ಕಳಿಸುತ್ತಾರೆ. ಈ ದಾರಿ ನಿಮಗೆ ಶಿರಸಿಯಲ್ಲಿ ಕೂತೇ ತೆರೆದಿದೆ.

ಹಾಗಾದರೆ ಗೋವಾಕ್ಕೆ ಹೋಗಬಾರದಾ? ಹೋಗಿ, ಆದರೆ ಈ ವರ್ಷ ಕೆಲಸ ಬಿಟ್ಟು ಬೇಡ. ಡಿಸೆಂಬರ್ 20ರಿಂದ ಜನವರಿ 2ರ ತನಕ ರಜೆ ಹಾಕಿ. ಅಲ್ಲಿ ಎಲ್ಲರಿಗೂ ಆಳು ಕಡಿಮೆ ಬೀಳುವ ಸಮಯ ಅದೇ. ಕಾರವಾರದ ತಂಡಕ್ಕೆ ‘ಈ ಎರಡು ವಾರ ಬರುತ್ತೇನೆ, ನೀವೂ ನನ್ನನ್ನು ನೋಡಿ, ನಾನೂ ನಿಮ್ಮನ್ನು ನೋಡುತ್ತೇನೆ’ ಅನ್ನಿ. ಅದಕ್ಕೂ ಮೊದಲು ಕೆಲವು ಮಾತು ಕೇಳಿಯೇಬಿಡಿ. ದುಡ್ಡು ಅದೇ ರಾತ್ರಿ ಕೊಡುತ್ತಾರಾ, ಸೀಸನ್ ಮುಗಿದ ಮೇಲಾ? ಕೊನೇ ಗಳಿಗೆಯಲ್ಲಿ ರದ್ದಾದರೆ ಅರ್ಧ ಆದರೂ ಸಿಗುತ್ತದಾ? ಆಂಪ್ ಯಾರದ್ದು? ರಾತ್ರಿ ಗೋವಾ ಗಡಿಯ ಪೋಳೆಂ ದಾಟಿ ಕಾರವಾರಕ್ಕೆ ವಾಪಸ್ ಬರಲು ಗಾಡಿ ಇದೆಯಾ? ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಅನ್ನುವುದು ದೇಶದ ಕಾನೂನು. ಹಾಗಾಗಿ ಏಳಕ್ಕೆ ಅಂದ ಕಾರ್ಯಕ್ರಮ ಎಂಟೂವರೆಗೆ ಶುರುವಾದರೆ ‘ಕಡಿಮೆ ಬಾರಿಸಿದ್ದೀರಿ’ ಅಂತ ದುಡ್ಡು ಹಿಡಿಯುವ ಮ್ಯಾನೇಜರುಗಳೂ ಇದ್ದಾರೆ. ಇದನ್ನೆಲ್ಲ ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅಂತ ಸಂಕೋಚ ಬೇಡ. ಕೇಳಿದ್ದಕ್ಕೆ ಮುಖ ಸಿಂಡರಿಸುವ ತಂಡದ ಜೊತೆ ಐದು ತಿಂಗಳು ಒಂದೇ ರೂಮಿನಲ್ಲಿ ಮಲಗಲು ಆಗುವುದಿಲ್ಲ.

ಇಷ್ಟಕ್ಕೂ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಗೋವಾ ಅಲ್ಲ, ಆ ಯೂಟ್ಯೂಬ್ ಹಾಡು. ನೀವು ಅದನ್ನು ‘ಇನ್ನೊಂದು ಬೇಜಾರು’ ಅಂತ ಬರೆದು ದಾಟಿಬಿಟ್ಟಿದ್ದೀರಿ.

ಎಸಿಡಿಸಿ ಬ್ಯಾಂಡ್ ನೋಡಿ. ತಮ್ಮ ಆಂಗಸ್ ಯಂಗ್ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಸ್ಟೇಜ್ ತುಂಬ ಕುಣಿಯುತ್ತಾ ಲೀಡ್ ಬಾರಿಸುತ್ತಿದ್ದರು. ಅಣ್ಣ ಮಾಲ್ಕಮ್ ಯಂಗ್ ಹಿಂದೆ ಡ್ರಮ್ಮಿನ ಪಕ್ಕ ನಿಂತು ರಿದಂ. ಕೋರಸ್ ಹಾಡಲು ಮೈಕಿನ ಹತ್ತಿರ ಬರುವುದು, ಮತ್ತೆ ಹಿಂದಕ್ಕೆ ಹೋಗುವುದು, ಅಷ್ಟೇ. ಆದರೆ 1973ರಲ್ಲಿ ಸಿಡ್ನಿಯಲ್ಲಿ ಬ್ಯಾಂಡ್ ಕಟ್ಟಿದವರಲ್ಲಿ ಅವರೇ ಮುಂದು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಒಂದಾದ ಅವರ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ತೆಗೆದು ನೋಡಿದರೆ ಪ್ರತಿ ಹಾಡಿಗೂ ಮೂರು ಹೆಸರು, ಅದರಲ್ಲಿ ಒಂದು ಮಾಲ್ಕಮ್‌ದು. 2014ರಲ್ಲಿ ಮರೆವಿನ ಕಾಯಿಲೆಯಿಂದ ಬ್ಯಾಂಡ್ ಬಿಟ್ಟರು, 2017ರಲ್ಲಿ ತೀರಿಕೊಂಡರು. ಹಾಡಿನ ಮೇಲಿನ ಹೆಸರು ಎಲ್ಲೂ ಹೋಗಿಲ್ಲ. ಗನ್ಸ್ ಎನ್ ರೋಸಸ್‌ನವರು 1987ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಇನ್ನೊಂದು ದಾರಿ ಹಿಡಿದರು: ಯಾರು ಏನು ಕಟ್ಟಿದರು ಅನ್ನುವ ಜಗಳವೇ ಬೇಡ ಅಂತ ಹಾಡುಗಳನ್ನು ಬ್ಯಾಂಡಿನ ಹೆಸರಿಗೇ ಬರೆದರು. ಅವರ ರಿದಂ ಗಿಟಾರಿಸ್ಟ್ ಇಝಿ ಸ್ಟ್ರ್ಯಾಡ್ಲಿನ್ 1991ರಲ್ಲಿ ಎದ್ದು ಹೊರಗೆ ನಡೆದಾಗಲೂ ಹಾಡಿನಲ್ಲಿದ್ದ ಪಾಲು ಅವರ ಜೊತೆಗೇ ಹೋಯಿತು.

ನಮ್ಮ ಕಾನೂನು ಹೇಳುವುದೇನು? ರೆಕಾರ್ಡ್ ಆದ ಒಂದು ಹಾಡಿನೊಳಗೆ ಬೇರೆ ಬೇರೆ ಹಕ್ಕುಗಳು ಕೂತಿರುತ್ತವೆ. ಸಾಹಿತ್ಯ ಬರೆದವರದ್ದು ಒಂದು, ಸಂಗೀತ ಕಟ್ಟಿದವರದ್ದು ಒಂದು, ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದವರದ್ದು ಒಂದು, ನುಡಿಸಿದವರದ್ದು ಇನ್ನೊಂದು. ಸಾಹಿತ್ಯ, ಸಂಗೀತದ ಹಕ್ಕು ಕಟ್ಟಿದವರ ಜೀವಮಾನ ಮುಗಿದು ಮೇಲೆ 60 ವರ್ಷ ಇರುತ್ತದೆ. ನುಡಿಸಿದವರ ಹಕ್ಕು 50 ವರ್ಷ. 2012ರ ತಿದ್ದುಪಡಿ ಆದಮೇಲೆ ಹಾಡು ಕಟ್ಟಿದವರ ರಾಯಲ್ಟಿ ಪಾಲನ್ನು ಮೊದಲಿನ ಹಾಗೆ ಒಂದು ಸಹಿ ಹಾಕಿಸಿಕೊಂಡು ಕಿತ್ತುಕೊಳ್ಳಲು ಬರುವುದಿಲ್ಲ. ಹಾಡು ಎಲ್ಲಾದರೂ ಬಳಕೆಯಾದಾಗ ಸಾಹಿತಿಗೂ ಸಂಯೋಜಕನಿಗೂ ದುಡ್ಡು ಸಂಗ್ರಹಿಸಿ ಕೊಡುವ ಸಂಸ್ಥೆ ಐಪಿಆರ್‌ಎಸ್. ಅದು ನೋಡುವುದು ಹಾಡು ಕಟ್ಟಿದವರು ಅಂತ ಯಾರ ಹೆಸರು ದಾಖಲಾಗಿದೆ ಅನ್ನುವುದನ್ನು. ಎಷ್ಟು ಚೆನ್ನಾಗಿ ಬಾರಿಸಿದಿರಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಂತ ಬಾರಿಸಿದ್ದೆಲ್ಲ ಸಂಯೋಜನೆ ಆಗುವುದಿಲ್ಲ. ಜಿ, ಡಿ, ಇ ಮೈನರ್, ಸಿ ಅನ್ನುವ ನಾಲ್ಕು ಕಾರ್ಡ್ ಯಾರಪ್ಪನ ಆಸ್ತಿಯೂ ಅಲ್ಲ. ಹಾಡುಗಾರ ತಂದ ಹಾಡಿಗೆ ನೀವು ಬರೀ ಕಾರ್ಡ್ ಹಿಡಿದಿದ್ದರೆ ‘ಸಂಗೀತ ನನ್ನದೂ’ ಅನ್ನುವುದು ಕಷ್ಟ. ಆದರೆ ನಿಮ್ಮ ಹಾಡು ನಾನು ಕೇಳಿದೆ. ಮೊದಲ ಎಂಟು ಸೆಕೆಂಡಿನ ಆ ಇಳಿಜಾರು ರಿಫ್ ತೆಗೆದರೆ ಅದು ಬೇರೆಯೇ ಹಾಡು. ಪಲ್ಲವಿಯ ಧಾಟಿ ಹುಟ್ಟಿದ್ದೇ ಅದರಿಂದ. ಇಂಥದ್ದನ್ನು ಜಂಟಿ ಕೃತಿ ಅನ್ನಲು ದಾರಿ ಇದೆ. ಮುಂದೆ ಈ ಹಾಡಿನಿಂದ ದುಡ್ಡು ಹುಟ್ಟಿ ಜಗಳ ಆದರೆ ವಕೀಲರ ಹತ್ತಿರ ಹೋಗಬೇಕಾಗುತ್ತದೆ, ಅದು ನನ್ನ ಕೆಲಸ ಅಲ್ಲ. ಜಗಳ ಆಗದ ಹಾಗೆ ಮಾಡುವುದು ಮಾತ್ರ ಸುಲಭ, ಈಗಲೇ ಮಾಡಿದರೆ. ಐದೂ ಜನ ಕೂತು ಒಂದು ಹಾಳೆಯಲ್ಲಿ ಹಾಡಿನ ಹೆಸರು, ತಾರೀಕು, ಸಾಹಿತ್ಯ ಯಾರದ್ದು, ಸಂಗೀತದಲ್ಲಿ ಯಾರದ್ದು ಶೇಕಡಾ ಎಷ್ಟು ಅಂತ ಬರೆದು ಸಹಿ ಹಾಕಿ. ಪ್ರತಿ ಹೊಸ ಹಾಡಿಗೂ ಒಂದು ಹಾಳೆ. ಅಷ್ಟು ಸಾಕು.

ನನ್ನ ಕಥೆ ಕೇಳಿ. ಬೆಂಗಳೂರಿನಲ್ಲಿದ್ದಾಗ ಒಂದು ಬ್ಯಾಂಡಿಗೆ ಆರು ಹಾಡು ಕಟ್ಟಲು ಕೈ ಹಾಕಿದ್ದೆ. ಒಂದರ ರಿಫ್ ಅನ್ನು ಜಾಹೀರಾತಿನವರು ಕೊಂಡರು. ಎಷ್ಟಕ್ಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ‘ನೀನು ರಿದಂ ಅಲ್ವಾ’ ಅಂದರು. ಅವತ್ತು ರಾತ್ರಿ ಎಲ್ಲರಿಗೂ ಬಿರಿಯಾನಿ ಕೊಡಿಸಿದರು. ಅದೇ ನನ್ನ ಪಾಲು. ಟಿವಿಯಲ್ಲಿ ಆ ಜಾಹೀರಾತು ಬಂದಾಗಲೆಲ್ಲ ಅಮ್ಮ ‘ನಿನ್ ಹಾಡು ಬಂತು’ ಅಂತ ಕೂಗುತ್ತಿದ್ದರು. ನಾನು ಹಾಳೆಯಲ್ಲಿ ಏನೂ ಬರೆಸಿಕೊಂಡಿರಲಿಲ್ಲ, ಹಾಗಾಗಿ ಯಾರನ್ನೂ ಬೈಯುವ ಹಕ್ಕೂ ಇರಲಿಲ್ಲ.

ಗೆಳೆಯರ ಹತ್ತಿರ ಈ ಮಾತು ತೆಗೆಯುವುದು ಕಷ್ಟ, ಗೊತ್ತು. ನಾಲ್ಕು ವರ್ಷದ ಸ್ನೇಹ. ಹಳೆಯ ಹಾಡಿನಿಂದ ಶುರು ಮಾಡಬೇಡಿ, ಅದು ದೂರಿನ ಹಾಗೆ ಕೇಳುತ್ತದೆ. ಮುಂದಿನ ಹಾಡಿನ ಪ್ರಾಕ್ಟೀಸ್ ದಿನ ‘ಇನ್ಮೇಲೆ ಹೀಗೆ ಬರೆದಿಡೋಣ’ ಅಂತ ಹಾಳೆ ಇಡಿ. ಎಲ್ಲರೂ ಸಹಿ ಹಾಕಿದ ಮೇಲೆ ‘ಹಳೇದಕ್ಕೂ ಒಂದು ಮಾಡಿಬಿಡೋಣ’ ಅನ್ನಿ. ಯೂಟ್ಯೂಬಿನಲ್ಲಿ ಹಾಡಿನ ಕೆಳಗಿನ ವಿವರ ತಿದ್ದಲು ಎರಡು ನಿಮಿಷ ಸಾಕು. ಅದಕ್ಕೂ ಒಪ್ಪದಿದ್ದರೆ, ಕಾರವಾರದ ತಂಡದ ಕರೆಯನ್ನು ನೀವು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಮಣಿಕಟ್ಟಿನ ನೋವಿಗೆ ಬರುತ್ತೇನೆ. ಮಳೆಗಾಲದಲ್ಲೇ ಶುರುವಾಯಿತು ಅಂದಿದ್ದೀರಿ, ಅದೇ ಸುಳಿವು. ಅಕೌಸ್ಟಿಕ್ ಗಿಟಾರಿನ ಮರ ತೇವ ಹೀರುತ್ತದೆ. ಅದಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಜಿಲ್ಲೆಯ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಮುಂದಿನ ಹಲಗೆ ಉಬ್ಬುತ್ತದೆ, ತಂತಿ ಕಟ್ಟಿದ ಬ್ರಿಜ್ ಮೇಲೇಳುತ್ತದೆ, ತಂತಿ ಫ್ರೆಟ್‌ಬೋರ್ಡಿನಿಂದ ದೂರ ಹೋಗುತ್ತದೆ. ಮೇಗಿಂತ ಜುಲೈಯಲ್ಲಿ ಅದೇ ಬ್ಯಾರೆ ಕಾರ್ಡ್ (ಒಂದೇ ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಕಾರ್ಡ್) ಹಿಡಿಯಲು ಜಾಸ್ತಿ ಒತ್ತಬೇಕಾಗುತ್ತದೆ. ಗೊತ್ತಿಲ್ಲದೆ ನೀವು ಒತ್ತುತ್ತೀರಿ, ಮಣಿಕಟ್ಟು ಬಗ್ಗುತ್ತದೆ, ಹೆಬ್ಬೆರಳು ಹಿಂದಿನಿಂದ ಹಿಸುಕುತ್ತದೆ.

ಮನೆಯಲ್ಲೇ ನೋಡಬಹುದು. ಮೂರು ಎಟಿಎಂ ಕಾರ್ಡ್ ಜೋಡಿಸಿ ಹಿಡಿದರೆ 2.3 ಮಿಲಿಮೀಟರ್ ಆಗುತ್ತದೆ, ಉಬ್ಬು ಅಕ್ಷರ ಇಲ್ಲದ ಕಾರ್ಡ್ ಆಗಿರಲಿ. ಹನ್ನೆರಡನೇ ಫ್ರೆಟ್‌ನ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಮೇಲಿಟ್ಟು ದಪ್ಪ ತಂತಿಯ ಅಡಿ ತೂರಿಸಿ. ತಂತಿ ಕಾರ್ಡಿಗೆ ಹಗುರಾಗಿ ತಾಗುತ್ತಿದ್ದರೆ ಪರವಾಗಿಲ್ಲ. ನಾಲ್ಕನೇ ಕಾರ್ಡೂ ಸಲೀಸಾಗಿ ಹೋಗುತ್ತದೆ ಅಂದರೆ ನೋವಿಗೆ ಅರ್ಧ ಕಾರಣ ಸಿಕ್ಕಿತು. ಎಲೆಕ್ಟ್ರಿಕ್ ಆದರೆ ಎರಡು ಕಾರ್ಡಿನಷ್ಟು ಎತ್ತರ ಸಾಕು. ಕತ್ತಿನೊಳಗಿನ ಸರಳು ತಿರುಗಿಸಲು ಹೋಗಬೇಡಿ. ಕಾಲು ಸುತ್ತು ಜಾಸ್ತಿಯಾಗಿ ಕತ್ತು ಕೆಡಿಸಿಕೊಂಡು ಬಂದವರನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಗೊತ್ತಿರುವವರಿಂದ ಸೆಟಪ್ ಮಾಡಿಸಿ. ಗಿಟಾರ್ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯೊಳಗೆ ಇಡಿ, ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ. ಬಾರಿಸಿದ ಮೇಲೆ ತಂತಿ ಒರೆಸಿ. ಶಿರಸಿಗೆ ಸಮುದ್ರದ ಉಪ್ಪುಗಾಳಿ ಇಲ್ಲ, ಅದು ನಿಮ್ಮ ಪುಣ್ಯ. ಕಾರವಾರದಲ್ಲಿ ತಂತಿ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಉಳಿದರ್ಧ ಕಾರಣ ಗಿಟಾರ್ ಹೆಗಲಿಗೆ ಹಾಕುವ ಪಟ್ಟಿ. ಗಿಟಾರ್ ತೊಡೆಯ ತನಕ ಇಳಿಬಿಟ್ಟು ನಿಂತರೆ ಫೋಟೋ ಚೆಂದ, ಮಣಿಕಟ್ಟಿಗೆ ಶಿಕ್ಷೆ. ಕೂತಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಷ್ಟು ಪಟ್ಟಿ ಮೇಲೆಳೆಯಿರಿ. ಹತ್ತು ದಿನ ಬ್ಯಾರೆ ಕಾರ್ಡ್ ಬಿಟ್ಟುಬಿಡಿ, ಬಲಗೈ ಅಭ್ಯಾಸ ಮಾತ್ರ ಮಾಡಿ. ಅಷ್ಟಾದರೂ ನೋವು ಇದ್ದರೆ, ಅಥವಾ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಅದು ನರ ಒತ್ತಿದ್ದಿರಬಹುದು. ನೋವಿನ ಮಾತ್ರೆ ನುಂಗಿ ಪ್ರೋಗ್ರಾಮ್ ಮುಗಿಸುವ ಚಟ ಮಾತ್ರ ಬೇಡ.

ಕೈ ಬಗ್ಗೆ ಕೇಳಿದಿರಿ, ಕಿವಿ ಬಗ್ಗೆ ಕೇಳಲಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಡೆಯಬಹುದು ಅನ್ನುವುದು ಒಂದು ಅಳತೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಕಾಲು ತಾಸು ಮಾತ್ರ. ಸಣ್ಣ ರೂಮಿನಲ್ಲಿ ಡ್ರಮ್ ಪಕ್ಕ ನಿಲ್ಲುವ ರಿದಂ ಗಿಟಾರಿಸ್ಟ್‌ಗೆ ಅಷ್ಟು ಸದ್ದು ದಿನಾ ಬೀಳುತ್ತದೆ. ನನ್ನ ಎಡಗಿವಿಯಲ್ಲಿ ಈಗ ಹಗಲು ರಾತ್ರಿ ಒಂದು ಜೀರುಂಡೆ. ಇಯರ್‌ಪ್ಲಗ್ ಹಾಕಿಕೊಳ್ಳಿ. ಡ್ರಮ್ಮರ್‌ಗೂ ಕೊಡಿಸಿ.

ಡಿಸೆಂಬರ್‌ನಲ್ಲಿ ಕಾರವಾರದ ಮೇಲೇ ಹೋಗುತ್ತೀರಲ್ಲ, ಒಂದು ದಿನ ಮೊದಲು ಬನ್ನಿ. ಗಿಟಾರ್ ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಘಟ್ಟ ಇಳಿಯುವಷ್ಟರಲ್ಲಿ ಅದರ ಮೇಲೆ ಯಾರದ್ದೋ ಅಡಿಕೆ ಮೂಟೆ ಕೂತಿರುತ್ತದೆ. ನಿಮ್ಮ ಎಟಿಎಂ ಕಾರ್ಡ್ ಲೆಕ್ಕ ಸರಿ ಇದೆಯಾ ಅಂತ ಇಬ್ಬರೂ ಸೇರಿ ನೋಡೋಣ. ಮತ್ತೆ, ಆ ರಿಫ್ ಮೊದಲ ಸಲ ಹೊಳೆದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರುತ್ತೀರಿ, ಎಲ್ಲರೂ ಮಾಡುತ್ತಾರೆ. ಅದನ್ನು ಅಳಿಸಬೇಡಿ. ತಾರೀಕಿನ ಸಮೇತ ಒಂದು ಕಾಪಿ ಇವತ್ತೇ ಬೇರೆ ಕಡೆ ಇಟ್ಟುಬಿಡಿ.